ಮೃತ್ಯುಂಜಯ ಸೇರಿಸಿಕೊಂಡ ಹದಿನಾರು ವರ್ಷ

ವಯಸ್ಸಿನ ವಿಷಯದಲ್ಲಿ ಸುಳ್ಳು ಹೇಳುವವರು ಸಾಮಾನ್ಯವಾಗಿ ಒಂದಷ್ಟು ವರ್ಷ ಕಳೆದು ಹೇಳುತ್ತಾರೆ. ಬೆಳಗೋಡಿನ ಪಾತ್ರೆ ಅಂಗಡಿ ಮೃತ್ಯುಂಜಯ ಕೂಡಿಸಿ ಹೇಳಿದ. ಅದೂ ಒಂದೆರಡಲ್ಲ, ಹದಿನಾರು. ಹೀಗೆ ಮಾಡಿ ಕಷ್ಟಕ್ಕೆ ಸಿಕ್ಕಿಕೊಂಡ ಇನ್ನೊಬ್ಬ ಗಂಡಸು ಈ ಭೂಮಿಯ ಮೇಲೆ ಇರಲಾರ ಎಂದು ಅವನ ಹೆಂಡತಿ ಸರೋಜಮ್ಮ ಈಗಲೂ ಹೇಳುತ್ತಾಳೆ.

ಮೃತ್ಯುಂಜಯ ಸುಳ್ಳುಗಾರನೇನಲ್ಲ. ಸುಳ್ಳು ಹೇಳುವುದಕ್ಕೆ ಬೇಕಾದ ಜ್ಞಾಪಕಶಕ್ತಿ ಅವನಿಗೆ ಇರಲಿಲ್ಲ. ಮದುವೆಗೆ ಕೊಡುವ ಪಾತ್ರೆಗಳ ಮೇಲೆ ಹೆಸರು ಕೊರೆಯುವುದು ಅವನ ಕಸುಬು. ಒಮ್ಮೆ ಒಂದು ಮನೆಯವರ ಅಷ್ಟೂ ಕೊಳಗಗಳ ಮೇಲೆ ಮದುಮಗನ ಹೆಸರಿನ ಜಾಗದಲ್ಲಿ ಮದುಮಗನ ಅಪ್ಪನ ಹೆಸರು ಕೊರೆದು, ಮಂಟಪದಲ್ಲಿ ಬೀಗರು ಬೀಗರು ಕೈ ಕೈ ಮಿಲಾಯಿಸುವ ಹಾಗೆ ಮಾಡಿದ್ದ. ಅದನ್ನು ಬಿಟ್ಟರೆ ಊರಿನಲ್ಲಿ ಅವನ ಮೇಲೆ ಯಾರಿಗೂ ದೂರಿರಲಿಲ್ಲ.

ಅದು ಕಾಫಿ ಬೆಲೆ ಪಾತಾಳಕ್ಕೆ ಇಳಿದಿದ್ದ ಕಾಲ. ಎಸ್ಟೇಟಿನವರು ಗೊಬ್ಬರ ನಿಲ್ಲಿಸಿದರು, ಬಣ್ಣ ಹೊಡೆಸುವುದನ್ನು ನಿಲ್ಲಿಸಿದರು, ಆಮೇಲೆ ರೈಟರುಗಳನ್ನು ಮನೆಗೆ ಕಳಿಸಿದರು. ದೋಣಿಗಲ್ಲಿನ ಒಂದು ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆದುಕೊಂಡಿದ್ದ ಶ್ರೀನಾಥ್ ಹಾಗೆ ಮನೆಗೆ ಬಂದವನು ಮೂರೇ ತಿಂಗಳಲ್ಲಿ ಕೊರಳಿಗೆ ಟೈ ಕಟ್ಟಿಕೊಂಡು ಸಕಲೇಶಪುರದ ರಸ್ತೆಯಲ್ಲಿ ಕಾಣಿಸಿಕೊಂಡ. ಕೈಯಲ್ಲಿ ಹೊಳೆಯುವ ಡಬ್ಬಿ. ಡಬ್ಬಿಯ ಮೇಲೆ 'ಯಂಗೊರಿನ್' ಎಂದು ಬರೆದಿತ್ತು. ಒಳಗೆ ಕಂದು ಬಣ್ಣದ ಪುಡಿ. ದಿನಕ್ಕೆ ಒಂದು ಚಮಚ ಬಿಸಿನೀರಿನಲ್ಲಿ ಕಲಸಿ ಕುಡಿದರೆ ಮುಪ್ಪು ಬರುವುದಿಲ್ಲ, ಬಂದಿರುವ ಮುಪ್ಪು ಹಿಂದಕ್ಕೆ ಹೋಗುತ್ತದೆ ಎಂದು ಅವನು ಹೇಳುತ್ತಿದ್ದ.

ಪುಡಿ ಕಲಸಿ ತೋರಿಸಲು ಸ್ಟೀಲ್ ಲೋಟ ಬೇಕೆಂದು ಅವನು ಒಂದು ದಿನ ಮೃತ್ಯುಂಜಯನ ಅಂಗಡಿಗೆ ಬಂದ. ಬೋರ್ಡಿನ ಮೇಲೆ ಮಾಲೀಕನ ಹೆಸರು ಓದಿದವನೇ ಲೋಟ ಮರೆತುಬಿಟ್ಟ.

"ಮೃತ್ಯುಂಜಯ! ಸಾವನ್ನೇ ಗೆದ್ದವರು! ಸಾರ್, ನಮ್ಮ ಕಂಪನಿ ನಿಮ್ಮಂಥವರನ್ನೇ ಹುಡುಕ್ತಿರೋದು. ಭಾನುವಾರ ಸಕಲೇಶಪುರಕ್ಕೆ ಬನ್ನಿ. ಮೀಟಿಂಗ್ ಇದೆ. ಉಪ್ಪಿಟ್ಟು, ಕೇಸರಿಬಾತ್ ಎಲ್ಲಾ ನಮ್ಮದೇ."

ಹೆಸರಿಗೆ ಸಿಕ್ಕ ಮರ್ಯಾದೆಗೋ ಕೇಸರಿಬಾತಿಗೋ, ಮೃತ್ಯುಂಜಯ ಹೋದ.

ಹೋಟೆಲಿನ ಮಹಡಿ ಹಾಲಿನಲ್ಲಿ ಹಿಂದಿನ ಕುರ್ಚಿಗಳೆಲ್ಲ ತುಂಬಿದ್ದರಿಂದ ಅವನಿಗೆ ಮುಂದಿನ ಸಾಲೇ ಸಿಕ್ಕಿತು. ಶ್ರೀನಾಥ್ ಮೈಕ್ ಹಿಡಿದು, "ಮುಪ್ಪು ಅಂದ್ರೆ ಏನು? ನಮ್ಮ ಜೀವಕೋಶಗಳಿಗೆ ತುಕ್ಕು ಹಿಡಿಯೋದು, ಅಷ್ಟೇ!" ಎಂದಾಗ ಮೃತ್ಯುಂಜಯನಿಗೆ ಎಲ್ಲಾ ಅರ್ಥವಾಗಿಬಿಟ್ಟಿತು. ತುಕ್ಕು, ಕಿಲುಬು, ಕಲಾಯಿ ಇವು ಅವನ ಕ್ಷೇತ್ರ. ಆದರೆ ಆಮೇಲೆ, "ನಿಮ್ಮ ಕೆಳಗೆ ಇಬ್ಬರನ್ನ ಸೇರಿಸಬೇಕು, ಒಂದು ಬಲಗಾಲು, ಒಂದು ಎಡಗಾಲು. ಎರಡೂ ಕಾಲು ಬೆಳೀತಾ ಹೋದ ಹಾಗೆ ನೀವೂ ಬೆಳೀತೀರಿ" ಎಂದಾಗ ಸ್ವಲ್ಪ ಗೊಂದಲವಾಯಿತು. ಅವನಿಗೆ ಆಗಲೇ ಎರಡು ಕಾಲಿದ್ದವು. ಎರಡರಲ್ಲೂ ಮಂಡಿ ನೋವಿತ್ತು.

ನಂತರ ಅನುಭವ ಹಂಚಿಕೆ. ಶ್ರೀನಾಥನೇ ಮೊದಲು ಎದೆ ತಟ್ಟಿಕೊಂಡು, "ನನ್ನ ವಯಸ್ಸು ನಲವತ್ತೆಂಟು!" ಎಂದ. ಜನ ಅವನ ಕಪ್ಪು ಮೀಸೆ ನೋಡಿ ಚಪ್ಪಾಳೆ ತಟ್ಟಿದರು. ಒಬ್ಬ ಹೆಂಗಸು ಎದ್ದು ತನಗೆ ಅರವತ್ತು ಎಂದಳು. ಇನ್ನೂ ಜೋರು ಚಪ್ಪಾಳೆ. ಮೈಕು ಮೃತ್ಯುಂಜಯನ ಬಾಯಿಯ ಮುಂದೆ ಬಂತು.

ಅವನ ನಾಲಿಗೆಯ ತುದಿಯಲ್ಲಿ ಐವತ್ತೆರಡು ಸಿದ್ಧವಾಗಿತ್ತು. ಅದನ್ನು ಹೇಳಿದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ ಎಂಬುದು ಆ ಕ್ಷಣಕ್ಕೆ ಹೊಳೆಯಿತು. ಏಕೆಂದರೆ ನೋಡುವುದಕ್ಕೆ ಅವನು ಸರಿಯಾಗಿ ಐವತ್ತೆರಡರ ಹಾಗೇ ಇದ್ದ. ಮುಂದಲೆ ಬೋಳು, ಕಿವಿಯ ಮೇಲೆ ಬಿಳಿ, ಹೊಟ್ಟೆ ಅಂಗಿಯ ಗುಂಡಿಯೊಂದಿಗೆ ಜಗಳವಾಡುತ್ತಿತ್ತು.

"ಅರವತ್ತೆಂಟು," ಎಂದ.

ಆಮೇಲೆ ಬಿದ್ದ ಚಪ್ಪಾಳೆಗೆ ಕೆಳಗಿನ ಹೋಟೆಲಿನವರು ಬಂದು ಮೆಟ್ಟಿಲ ಮೇಲೆ ನಿಂತರು. ಶ್ರೀನಾಥ್ ಅವನನ್ನು ತಬ್ಬಿಕೊಂಡ. ಯಾರೋ ಫೋಟೋ ಹೊಡೆದರು. "ಎಷ್ಟು ದಿನದಿಂದ ತಗೋತಿದೀರಿ ಸಾರ್?" ಎಂದು ಯಾರೋ ಕೂಗಿದರು. "ಇನ್ನೂ ತಗೊಂಡಿಲ್ಲ," ಎಂದ ಮೃತ್ಯುಂಜಯ. ಅವನು ಅಂದು ಆಡಿದ ಒಂದೇ ಒಂದು ನಿಜ ಅದು. ಚಪ್ಪಾಳೆಯಲ್ಲಿ ಮುಳುಗಿಹೋಯಿತು.

ಪುಕ್ಕಟೆ ಸಿಕ್ಕ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದ. ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡ.

ಹತ್ತು ಹನ್ನೆರಡು ದಿನಕ್ಕೆ ಬೆಳಗೋಡಿನ ಬಸ್ ನಿಲ್ದಾಣದ ಗೋಡೆಯ ಮೇಲೆ, ಅಂಚೆ ಕಚೇರಿಯ ಪಕ್ಕದಲ್ಲಿ, ಹಿಟ್ಟಿನ ಗಿರಣಿಯ ಬಾಗಿಲಿಗೆ, ಕೊನೆಗೆ ಅವನದೇ ಅಂಗಡಿಯ ಎದುರಿನ ಕಂಬಕ್ಕೆ ಪೋಸ್ಟರ್ ಬಿತ್ತು. ಬಣ್ಣದ್ದು. ಮೃತ್ಯುಂಜಯ ಬಾಯಿ ತೆರೆದು ನಿಂತಿದ್ದಾನೆ. ಕೆಳಗೆ ದಪ್ಪ ಅಕ್ಷರ: 'ವಯಸ್ಸು ೬೮! ನಂಬುತ್ತೀರಾ?'

ಬೆಳಗೋಡಿನ ಜನ ನಂಬಿದರು. ಹುಟ್ಟಿದಾಗಿನಿಂದ ಅವನನ್ನು ನೋಡಿದವರೂ ನಂಬಿದರು. ಅಚ್ಚಿನಲ್ಲಿ ಬಂದದ್ದರ ಮುಂದೆ ಕಣ್ಣಿನಲ್ಲಿ ಕಂಡದ್ದಕ್ಕೆ ಏನು ಬೆಲೆ?

ನಂಬದೆ ಹೋದವರು ಒಬ್ಬರೇ, ಅವನ ತಾಯಿ ನಂಜಮ್ಮ. ಆಕೆಗೆ ಓದಲು ಬರುತ್ತಿರಲಿಲ್ಲ, ಅದೇ ಕಾರಣವಿರಬೇಕು. ಗಿರಣಿಯಲ್ಲಿ ಯಾರೋ ಓದಿ ಹೇಳಿದ್ದನ್ನು ಕೇಳಿಸಿಕೊಂಡು, ರಾಗಿಹಿಟ್ಟಿನ ಚೀಲ ಅಲ್ಲೇ ಬಿಟ್ಟು ಸೀದಾ ಅಂಗಡಿಗೆ ಬಂದಳು.

"ಲೋ ಮೃತ್ಯುಂಜಯ, ನಂಗೆಷ್ಟು ವರ್ಷ?"

"ಎಪ್ಪತ್ತೊಂದು ಕಣವ್ವ."

"ನಿಂಗೆ?"

ಮೃತ್ಯುಂಜಯ ಒಂದು ತಟ್ಟೆ ಎತ್ತಿಕೊಂಡು ಬಟ್ಟೆಯಿಂದ ಒರೆಸತೊಡಗಿದ.

"ಅರವತ್ತೆಂಟಂತಲ್ಲೋ! ಮೂರು ವರ್ಷಕ್ಕೆ ಹೆತ್ತೆನೇನೋ ನಿನ್ನ? ತೊಟ್ಟಿಲಲ್ಲಿ ನಾನ್ ಮಲಗ್ಲೋ, ನಿನ್ನ ಮಲಗಿಸ್ಲೋ? ಊರೋರು ನನ್ನ ಏನಂದ್ಕೋಬೇಕು?"

"ಅವ್ವ, ಬಾಯಿ ತಪ್ಪಿ ಬಂದ್ಬುಡ್ತು."

"ಒಂದು ಎರಡು ತಪ್ತದೆ ಕಣೋ. ಹದಿನಾರು ತಪ್ತದಾ?"

ಅಷ್ಟರಲ್ಲಿ ಗಿರಾಕಿಗಳು ಬಂದರು. ಗಿರಾಕಿಗಳೆಂದರೆ ಪಾತ್ರೆಗೆ ಬಂದವರಲ್ಲ. ಒಬ್ಬ ಹಣ್ಣು ಮುದುಕ ಅವನ ತೋಳಿನ ಚರ್ಮ ಎಳೆದು ಬಿಟ್ಟು ನೋಡಿದ. ಇನ್ನೊಬ್ಬ, "ಒಸಿ ಬಾಯಿ ತೆಗೀರಿ," ಎಂದು ಎತ್ತಿನ ಹಲ್ಲು ನೋಡಿದಂತೆ ನೋಡಿ, "ದವಡೆ ಹಲ್ಲು ಎರಡು ಬಿಟ್ರೆ ಮಾಲು ಚೆನ್ನಾಗೈತೆ," ಎಂದು ಜೊತೆಯವನಿಗೆ ಹೇಳಿದ. ಮೊದಲ ದಿನ ಇದೆಲ್ಲ ಮೃತ್ಯುಂಜಯನಿಗೆ ಹಿತವಾಗಿಯೇ ಇತ್ತು ಎಂಬುದನ್ನು ಮುಚ್ಚಿಡಬಾರದು. ಸೂರ್ಯ ಹುಟ್ಟುವ ಮೊದಲೇ ಏಳಬೇಕು ಎಂದು ಅವನು ಜನಕ್ಕೆ ಉಪದೇಶ ಮಾಡಿದ್ದೂ ಉಂಟು. ಒಳಗೆ ಕೂತಿದ್ದ ಸರೋಜಮ್ಮ ಅದನ್ನು ಕೇಳಿ ಕೆಮ್ಮಿದಳು. ಅವನನ್ನು ಎಂಟು ಗಂಟೆಗೆ ನೀರು ಚಿಮುಕಿಸಿ ಎಬ್ಬಿಸುತ್ತಿದ್ದವಳು ಅವಳು.

ಎರಡನೆಯ ದಿನ ಆಲೂರಿನಿಂದ ಭಾವಮೈದ ಚಂದ್ರಶೇಖರ ಬಂದ. ಶುಂಠಿ ವ್ಯಾಪಾರಿ, ಸರೋಜಮ್ಮನ ಅಣ್ಣ, ಮೈಗಿಂತ ದೊಡ್ಡ ಗಂಟಲು. ಚಪ್ಪಲಿ ಬಿಡದೆ ಒಳಗೆ ಬಂದು ನಡುಮನೆಯಲ್ಲಿ ನಿಂತ.

"ಮದ್ವೆ ಮಾತಾಡುವಾಗ ಇಪ್ಪತ್ತಾರು ಅಂದ್ರಿ. ಲೆಕ್ಕ ಹಾಕಿದ್ರೆ ಅವತ್ತು ನಲವತ್ತೆರಡು! ನಲವತ್ತೆರಡು ವರ್ಷದ ಮುದುಕನಿಗೆ ನಮ್ಮ ಹುಡ್ಗೀನ ಕಟ್ಬುಟ್ರಲ್ಲ, ನ್ಯಾಯವೇನ್ರೀ ಇದು?"

"ಅಣ್ಣ, ಸುಮ್ಕಿರು," ಎಂದಳು ಸರೋಜಮ್ಮ. "ಇವ್ರಿಗೆ ಇವತ್ತು ಯಾವ ವಾರ ಅಂತ್ಲೇ ಗೊತ್ತಿರಾಕಿಲ್ಲ. ವಯಸ್ಸು ಎಲ್ಲಿ ಗೊತ್ತಿರ್ತದೆ?"

"ಅಚ್ಚು ಹಾಕ್ಸವ್ರಲ್ಲ, ಸುಳ್ಳಾ ಅದು?"

"ಸುಳ್ಳೇ. ಸುಳ್ಳಲ್ದೆ ಮತ್ತೇನು," ಎಂದವಳು ಗಂಡನ ಮುಖವನ್ನೊಮ್ಮೆ ನೋಡಿದಳು. "ಆದ್ರೂ... ಮದ್ವೆಯಾದ ವರ್ಷವೇ ಮಂಡಿ ನೋವು ಅಂತಿದ್ರು."

"ನೋಡ್ದಾ!"

"ಸಪ್ತಪದಿ ತುಳಿಯೋವಾಗ ಉಸ್ಸಪ್ಪ ಅಂದಿದ್ರು ಕಣಣ್ಣ. ನಾನು ಸೆಖೆಗೆ ಅಂದ್ಕೊಂಡಿದ್ದೆ."

ಮೃತ್ಯುಂಜಯ ಶಿವನ ಮೇಲೆ ಆಣೆ ಇಟ್ಟ. ಚಂದ್ರಶೇಖರ ಒಪ್ಪಲಿಲ್ಲ. ಬರುವ ಭಾನುವಾರ ಸಕಲೇಶಪುರದ ಕಲ್ಯಾಣ ಮಂಟಪದಲ್ಲಿ ಕಂಪನಿಯವರು ಭಾರೀ ಸಭೆ ಮಾಡಿ ಮೃತ್ಯುಂಜಯನಿಗೆ ಸನ್ಮಾನ ಮಾಡುತ್ತಾರೆಂದು ಪೋಸ್ಟರಿನಲ್ಲೇ ಇತ್ತು. ಅಲ್ಲಿಗೇ ಬಂದು ಎಲ್ಲರೆದುರು ಕೇಳುತ್ತೇನೆ ಎಂದು ಹೇಳಿ, ತಂಗಿ ಕೊಟ್ಟ ಕಾಫಿ ಕುಡಿದು, ಕೋಪದಲ್ಲೇ ಎರಡನೇ ಲೋಟವನ್ನೂ ಕುಡಿದು ಹೋದ.

ಆಮೇಲೆ ಲಿಂಗಪ್ಪ. ಲಿಂಗಪ್ಪ ಕರೆಂಟ್ ಆಫೀಸಿನ ಲೈನ್‌ಮ್ಯಾನ್. ಮೃತ್ಯುಂಜಯನೂ ಅವನೂ ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತು ಒಂದೇ ಸಲ ಫೇಲಾದವರು. ಕಂಬ ಹತ್ತುವ ಬೆಲ್ಟನ್ನು ಕೈಯಲ್ಲಿ ಹಿಡಿದು ಬಂದ ಅವನ ಮುಖ ಸುಟ್ಟುಹೋದ ಬಲ್ಬಿನಂತಿತ್ತು.

"ನಮ್ಮ ಸಾಹೇಬ್ರು ನಿನ್ನ ಪೋಸ್ಟರ್ ನೋಡವ್ರೆ ಕಣ್ಲಾ. ಪಾತ್ರೆ ಅಂಗ್ಡಿಯವ್ನೂ ನಾನೂ ಒಂದೇ ಓರಿಗೆ ಅಂತ ಒಂದಿನ ನಾನೇ ಬಾಯಿ ಬಿಟ್ಟಿದ್ದೆ. ಕರೆಸಿ ಕೇಳಿದ್ರು, ಏನ್ರೀ ಲಿಂಗಪ್ಪ, ನೀವು ಹತ್ತು ವರ್ಷದ ಹಿಂದೇನೇ ರಿಟೈರ್ ಆಗ್ಬೇಕಿತ್ತಲ್ವಾ ಅಂತ. ಅರವತ್ತೆಂಟು ವರ್ಷದೋನ್ನ ಕಂಬ ಹತ್ಸಿ ಬಿದ್ದು ಸತ್ರೆ ಯಾರು ಜವಾಬ್ದಾರಿ, ವಿಚಾರಣೆ ಮುಗಿಯೋಗಂಟ ನೆಲದ ಮೇಲೇ ಇರಿ ಅಂದ್ಬುಟ್ರು. ನೆಲದ ಮೇಲೆ ಲೈನ್‌ಮ್ಯಾನ್‌ಗೆ ಏನ್ಲಾ ಕೆಲಸ?"

"ತಪ್ಪಾಯ್ತು ಲಿಂಗ. ಸಾಹೇಬ್ರ ಹತ್ರ ನಾನೇ ಬಂದು ಹೇಳ್ತೀನಿ."

"ಹೇಳು. ಅಲ್ಲೀಗಂಟ ನೀನೂ ಕತ್ತಲಲ್ಲಿ ಕೂತಿರು."

ಅಂದಿನಿಂದ ಬೆಳಗೋಡಿನಲ್ಲೆಲ್ಲ ಕರೆಂಟಿದ್ದರೂ ಮೃತ್ಯುಂಜಯನ ಅಂಗಡಿಯಲ್ಲಿ ಇರಲಿಲ್ಲ. ಕಂಬ ಹತ್ತಲು ಅನುಮತಿಯೇ ಇಲ್ಲದ ಲಿಂಗಪ್ಪ ಅದನ್ನು ಹೇಗೆ ಸಾಧಿಸಿದ ಎಂಬುದು ಇಲಾಖೆಗೆ ಇಂದಿಗೂ ಗೊತ್ತಿಲ್ಲ. ಹೆಸರು ಕೊರೆಯುವ ಮಿಷನ್ ನಿಂತಿತು. ಮೃತ್ಯುಂಜಯ ಉಳಿ ಸುತ್ತಿಗೆ ಹಿಡಿದು ಕುಟ್ಟತೊಡಗಿದ. ಮರುದಿನ ತನ್ನ ಹೆಬ್ಬೆರಳನ್ನೇ ಕುಟ್ಟಿಕೊಂಡು, ಕಟ್ಟು ಕಟ್ಟಿಸಿಕೊಂಡು ಮನೆಗೆ ಬಂದ. ಸರೋಜಮ್ಮ ಕಟ್ಟು ನೋಡಿ, "ಮುಪ್ಪಲ್ಲಿ ಕೈ ನಡುಗ್ತದೆ," ಎಂದಳು. ತಮಾಷೆಗೆ ಅಂದಳೋ ನಿಜವಾಗಿ ಅಂದಳೋ ಅವನಿಗೆ ತಿಳಿಯಲಿಲ್ಲ.

ಇಷ್ಟರಲ್ಲಿಯೇ ಎಲ್ಲವೂ ನಿಂತಿದ್ದರೆ ಮೃತ್ಯುಂಜಯ ಹೇಗೋ ಸಹಿಸಿಕೊಳ್ಳುತ್ತಿದ್ದ. ಆದರೆ ಶುಕ್ರವಾರ ಹಾಲು ಕೊಡಲು ಬಂದ ಕೆಂಚಮ್ಮ ಪಾತ್ರೆಗೆ ಹಾಲು ಹೊಯ್ಯುತ್ತಾ, "ಸೋಮವಾರದಿಂದ ಹಾಲಿಗೆ ಬೇರೆ ಕಡೆ ನೋಡ್ಕೊಳಿ," ಎಂದಳು.

ಕೆಂಚಮ್ಮ ಪಕ್ಕದ ಮನೆಯಲ್ಲೇ ಹುಟ್ಟಿ ಅದೇ ಬೀದಿಗೆ ಸೊಸೆಯಾದವಳು. ಗಂಡನಿಲ್ಲ, ಮಗಳೂ ಅಳಿಯನೂ ತೀರಿಕೊಂಡಿದ್ದರು. ಮೊಮ್ಮಗಳು ಕೃತಿಕಾ ಏಳನೇ ಕ್ಲಾಸಿನಲ್ಲಿದ್ದಳು. ಮನೆಗೆ ಆಧಾರ ಒಂದು ಹಸು.

"ಯಾಕೆ ಕೆಂಚಕ್ಕ, ಹಸು ಬತ್ತುಸ್ತಾ?"

"ಮಾರ್ತಿದೀನಿ ಕಣಪ್ಪ. ಭಾನುವಾರ ಸಾಯಂಕಾಲ ಬಂದು ಹಗ್ಗ ಹಿಡ್ಕೊತಾರೆ. ಒಸಿ ಅಡ್ವಾನ್ಸು ಈಗ್ಲೇ ಕೊಟ್ಟವ್ರೆ. ಅದ್ರಲ್ಲಿ ಆ ಎಂಗೋರಿ ಪುಡಿ ತಗೊಂಡು ಕಂಪ್ನಿಗೆ ಸೇರ್ಕೋತೀನಿ."

ಮೃತ್ಯುಂಜಯ ಹಾಲಿನ ಪಾತ್ರೆ ಕೆಳಗಿಟ್ಟ. "ಪುಡಿ ಯಾಕೆ ನಿಂಗೆ?"

"ಈಗೀಗ ಎದ್ರೆ ತಲೆ ಸುತ್ತುತದೆ. ಆ ಹುಡ್ಗಿ ಒಂದು ದಡ ಮುಟ್ಟೋಗಂಟ ಇನ್ನೊಂದು ಹತ್ತು ವರ್ಷ ನಾನಿರ್ಬೇಕು. ನಿನ್ನ ನೋಡಿ ಧೈರ್ಯ ಬಂತು. ಅರವತ್ತೆಂಟಾದ್ರೂ ಎಂಗವ್ನೆ ನೋಡು ಅಂದ್ಕೊಂಡೆ."

"ಕೆಂಚಕ್ಕ, ನಂಗೆ ಅರವತ್ತೆಂಟಲ್ಲ! ನೀನೇ ನನ್ನ ಎತ್ತಿ ಆಡ್ಸಿದೋಳು, ಮರ್ತೋಯ್ತಾ?"

"ಹಂಗಂತ ನಾನೂ ಅಂದ್ಕೊಂಡಿದ್ದೆ," ಎಂದಳು ಕೆಂಚಮ್ಮ ನಿಧಾನವಾಗಿ. "ಅದು ಬೇರೆ ಯಾವ್ದೋ ಕೂಸಿರ್ಬೇಕು. ಅಷ್ಟು ದೊಡ್ಡ ಕಾಗದದ ಮೇಲೆ ಬಣ್ಣದಲ್ಲಿ ಬರೆದೋರಿಗೆ ಗೊತ್ತಿರಾಕಿಲ್ವಾ?"

"ಆ ಪುಡಿಯಿಂದ ಏನೂ ಆಗಲ್ಲ ಕಣಕ್ಕ!"

ಕೆಂಚಮ್ಮ ಅಳತೆಯ ಪಾವನ್ನು ಎತ್ತಿಕೊಂಡು ನಿಂತಳು. ಆಕೆಯ ಮುಖ ಬಿಗಿಯಾಯಿತು. "ನೀನು ಮಾತ್ರ ಹುಡುಗನಾಗಿರ್ಬೇಕು, ಮಿಕ್ಕೋರು ಮುದುಕ್ರಾಗಿ ಸಾಯ್ಬೇಕು ಅಂತಲಾ ಮೃತ್ಯುಂಜಯ? ಬ್ಯಾಡ ಬಿಡು. ನಿನ್ನ ಹತ್ರ ಕೇಳಿ ನಾನೇನೂ ಸೇರ್ಕೊತಿಲ್ಲ."

ಅವಳು ಹೋದ ಮೇಲೆ ಮೃತ್ಯುಂಜಯನಿಗೆ ಕಾಫಿ ಸೇರಲಿಲ್ಲ. ಚಪ್ಪಾಳೆಯ ಆಸೆಗೆ ಆಡಿದ ಒಂದು ಮಾತು ಒಂದು ಹಸುವಿನ ಕೊಟ್ಟಿಗೆಯ ತನಕ ಹೋಗಿತ್ತು. ಅವನು ಓಡುತ್ತಾ ಎಸ್‌ಟಿಡಿ ಬೂತಿಗೆ ಹೋಗಿ ಶ್ರೀನಾಥನಿಗೆ ಫೋನ್ ಹಚ್ಚಿದ.

"ಸಾರ್, ನಂಗೆ ಐವತ್ತೆರಡೇ ಸಾರ್!"

"ವಾವ್!" ಎಂದಿತು ಅತ್ತ ಕಡೆಯ ದನಿ. "ಅಷ್ಟು ಬದಲಾವಣೆ ಅನಿಸ್ತಿದೆಯಾ? ಒಂದೇ ಡಬ್ಬಿಗೆ?"

"ಅನಿಸೋದಲ್ಲ ಸಾರ್, ಇರೋದೇ ಐವತ್ತೆರಡು!"

"ಅಬ್ಬಬ್ಬಾ! ಎಂಥ ಮಾತು! ಸಾರ್, ಇದನ್ನೇ ಭಾನುವಾರ ಸ್ಟೇಜ್ ಮೇಲೆ ಹೇಳಿ. ಇದೇ ಧ್ವನಿಯಲ್ಲಿ, ಹೀಗೇ ಗಂಟಲು ನಡುಗಬೇಕು!"

ಮೃತ್ಯುಂಜಯ ಫೋನಿಟ್ಟ. ನಿಜವನ್ನು ಇದಕ್ಕಿಂತ ಸರಳವಾಗಿ ಹೇಳುವ ವಿಧಾನ ಅವನಿಗೆ ತಿಳಿದಿರಲಿಲ್ಲ.

ಭಾನುವಾರ ಕಲ್ಯಾಣ ಮಂಟಪ ಮದುವೆಗೂ ತುಂಬದಷ್ಟು ತುಂಬಿತ್ತು. ನಂಜಮ್ಮ, ಸರೋಜಮ್ಮ ಮುಂದೆ ಕೂತಿದ್ದರು. ಚಂದ್ರಶೇಖರ ಕಂಬಕ್ಕೆ ಒರಗಿ ಕೈ ಕಟ್ಟಿ ನಿಂತಿದ್ದ. ಲಿಂಗಪ್ಪ ಬಂದಿದ್ದ. ಅವನ ಸಾಹೇಬರೂ ಬಂದಿದ್ದರು, ವಿಚಾರಣೆಗೆ ಎಂದು ಲಿಂಗಪ್ಪನಿಗೆ ಹೇಳಿದ್ದರು, ಆದರೆ ಅವರ ಜೇಬಿನಲ್ಲಿ ಸದಸ್ಯತ್ವದ ಫಾರಂ ಇಣುಕುತ್ತಿತ್ತು. ಪಕ್ಕದಲ್ಲಿ ಮೇಜು ಹಾಕಿ ಡಬ್ಬಿಗಳನ್ನು ಗೋಪುರದಂತೆ ಜೋಡಿಸಿದ್ದರು. ಆ ಮೇಜಿನ ಮುಂದೆ ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದು ಕೆಂಚಮ್ಮ ಆಗಲೇ ನಿಂತಿದ್ದಳು.

ಶಾಲು ಹೊದಿಸಿದರು. ಹಾರ ಹಾಕಿದರು. ಮೃತ್ಯುಂಜಯ ಮೈಕ್ ಹಿಡಿದ.

"ನಂಗೆ ಐವತ್ತೆರಡು," ಎಂದ. ಗಂಟಲು ತಾನಾಗಿಯೇ ನಡುಗಿತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಅಲ್ಲ, ನಿಜವಾಗ್ಲೂ! ನಾನು ಸುಳ್ಳು ಹೇಳಿದ್ದೆ! ನಂಗೆ ಅರವತ್ತೆಂಟಾಗಿಲ್ಲ!"

"ಕೇಳಿದಿರಾ ಬಂಧುಗಳೇ?" ಶ್ರೀನಾಥ್ ಇನ್ನೊಂದು ಮೈಕಿನಲ್ಲಿ ಕೂಗಿದ. "ತಮ್ಮ ವಯಸ್ಸನ್ನೇ ಮರೆತಿದ್ದಾರೆ! ಮುಪ್ಪು ಮನಸ್ಸಿನಿಂದಲೇ ಹೊರಟುಹೋಗಿದೆ!"

ಇದನ್ನು ನೋಡಿ ನಂಜಮ್ಮನಿಗೆ ತಡೆಯಲಾಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ದಡದಡ ಮೆಟ್ಟಿಲು ಹತ್ತಿ ವೇದಿಕೆಗೆ ಬಂದು ಮಗನ ಕೈಯಿಂದ ಮೈಕ್ ಕಿತ್ತುಕೊಂಡಳು.

"ಇವ್ನು ನನ್ನ ಮಗ. ನಾನು ಇವ್ನ ಹೆತ್ತೋಳು. ಹೆತ್ತಾಗ ನಂಗೆ ಹತ್ತೊಂಬತ್ತು. ಈಗ ನೀವೇ ಲೆಕ್ಕ ಹಾಕ್ಕೊಳಿ!"

ಶ್ರೀನಾಥ್ ಎಸ್ಟೇಟಿನಲ್ಲಿ ಲೆಕ್ಕ ಬರೆದವನು. ಅವನಷ್ಟು ಬೇಗ ಇನ್ಯಾರೂ ಲೆಕ್ಕ ಹಾಕಲಿಲ್ಲ. "ಅರವತ್ತೆಂಟಕ್ಕೆ ಹತ್ತೊಂಬತ್ತು! ಬಂಧುಗಳೇ, ಎಂಬತ್ತೇಳು ವರ್ಷದ ಈ ಮಹಾತಾಯಿಯನ್ನು ನೋಡಿ! ಮೆಟ್ಟಿಲು ಹೇಗೆ ಹತ್ತಿದರು ನೋಡಿ!"

"ಎಂಬತ್ತೇಳಾ?" ನಂಜಮ್ಮನ ದನಿಗೆ ಮೈಕ್ ಕಿರುಚಿತು. "ಯಾರಿಗ್ಲಾ ಎಂಬತ್ತೇಳು? ನಿಮ್ಮಜ್ಜಿಗೆ!"

"ಏನು ಕಂಠ! ಏನು ಶಕ್ತಿ!"

ನಂಜಮ್ಮ ಅವನ ಟೈ ಹಿಡಿಯಲು ಹೋದಳು. ಅವನು ಹಿಂದೆ ಸರಿದ. ಆಕೆ ಮುಂದೆ ಬಂದಳು. ಅವನು ಅರಳಿದ ಮುಖದಿಂದ ಕುರ್ಚಿಗಳ ಸುತ್ತ ಓಡಿದ, ಆಕೆ ಬೆನ್ನು ಹತ್ತಿದಳು. ಒಂದೊಂದು ಸುತ್ತಿಗೂ ಚಪ್ಪಾಳೆ ಏರಿತು. "ಎಂಬತ್ತೇಳಕ್ಕೆ ಓಡ್ತವ್ರಲ್ರೀ!" ಎಂದು ಹಿಂದಿನಿಂದ ಯಾರೋ ಕಣ್ಣೊರೆಸಿಕೊಂಡರು. ಜನ ಮೇಜಿನ ಕಡೆ ನುಗ್ಗತೊಡಗಿದರು. ಡಬ್ಬಿಗಳ ಗೋಪುರ ಕರಗತೊಡಗಿತು. ಕೆಂಚಮ್ಮ ಸೆರಗಿನ ಗಂಟು ಬಿಚ್ಚುತ್ತಿದ್ದಳು.

ಮೃತ್ಯುಂಜಯ ಅದನ್ನು ಕಂಡ. ಜೀವಮಾನದಲ್ಲಿ ಒಂದೇ ಸಲ ಅವನಿಗೆ ಯಾವ ಗೊಂದಲವೂ ಆಗಲಿಲ್ಲ. ತಾಯಿ ಬಿಸುಟ ಮೈಕನ್ನು ಎತ್ತಿಕೊಂಡು, ಮಂಡಿ ನೋವು ಲೆಕ್ಕಿಸದೆ ವೇದಿಕೆಯಿಂದ ಕೆಳಗೆ ಹಾರಿ, ಕೆಂಚಮ್ಮನ ಎದುರು ನಿಂತ.

"ಕೆಂಚಕ್ಕ, ಬೈದ್ರೂ ಬೈಯಿ. ಒಂದೇ ಒಂದು ಮಾತು ಹೇಳು. ಚಿಕ್ಕಂದಲ್ಲಿ ನನ್ನ ಸೊಂಟದ ಮೇಲೆ ಹೊತ್ಕೊಂಡು ತಿರುಗ್ತಿದ್ದೋರು ಯಾರು?"

ಮೈಕಿನಲ್ಲಿ ಬಂದ ಪ್ರಶ್ನೆಗೆ ಸಭೆ ತಿರುಗಿತು. ಕೆಂಚಮ್ಮ ತಬ್ಬಿಬ್ಬಾದಳು. "ನಾನೇ ಕಣಪ್ಪ. ಹಂಗಂತ ನೆಪ್ಪು."

"ಈಗ ನಿಂಗೆಷ್ಟು?"

"ಅರವತ್ತೆರಡು."

"ನಂಗೆ ಅರವತ್ತೆಂಟು ಅಂತಾರೆ. ನಿನಗಿಂತ ಆರು ವರ್ಷ ದೊಡ್ಡೋನ್ನ ಸೊಂಟದ ಮೇಲೆ ಹೊತ್ಕೊಂಡು ತಿರುಗಿದ್ಯಾ?"

ಕೆಂಚಮ್ಮ ಗಂಟು ಬಿಚ್ಚುವುದನ್ನು ನಿಲ್ಲಿಸಿ ಬೆರಳು ಮಡಿಸಿದಳು. ಸಭೆಯಲ್ಲಿ ಬಹಳ ಜನ ಬೆರಳು ಮಡಿಸಿದರು. ಕೆಂಚಮ್ಮನ ಬಾಯಿ ತೆರೆಯಿತು.

"ಅಯ್ಯೋ ಶಿವನೆ! ನನ್ನ ಹೊಸ ಲಂಗದ ಮೇಲೆ ಉಚ್ಚೆ ಹೊಯ್ದಿದ್ದೆ ಕಣೋ ನೀನು! ಆಗ ನಂಗೆ ಹತ್ತು ವರ್ಷ. ಹತ್ತು ವರ್ಷದ ಹುಡ್ಗಿ ಮೇಲೆ ಹದಿನಾರು ವರ್ಷದ ಗಂಡು ಉಚ್ಚೆ ಹೊಯ್ದಿದ್ರೆ ನಮ್ಮಪ್ಪ ಸುಮ್ಕೆ ಬುಡ್ತಿದ್ನೇನೋ? ಕಾಲು ಮುರಿದಾಕ್ತಿರ್ಲಿಲ್ವಾ?"

ಮೊದಲು ನಕ್ಕವರು ಕರೆಂಟ್ ಆಫೀಸಿನ ಸಾಹೇಬರು. ಆಮೇಲೆ ಇಡೀ ಮಂಟಪ ನಕ್ಕಿತು. ಕೊಂಡ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡೇ ನಕ್ಕವರು, ನಗುತ್ತಲೇ ಡಬ್ಬಿಯನ್ನು ಮೇಜಿನ ಮೇಲೆ ವಾಪಸು ಇಟ್ಟು ದುಡ್ಡಿಗೆ ಕೈ ಚಾಚಿದರು. ಚಂದ್ರಶೇಖರ ಕಂಬ ಬಿಟ್ಟು ಮುಂದೆ ಬಂದು, "ಅಲ್ರೀ, ಹಂಗಾದ್ರೆ ಈ ಟೈ ಕಟ್ಟಿದೋನ ವಯಸ್ಸೆಷ್ಟು, ಅದನ್ನೂ ಕೇಳ್ರೀ!" ಎಂದು ಗುಡುಗಿದ. ಅಷ್ಟು ದೂರದಿಂದ ಕೋಪ ಹೊತ್ತು ತಂದವನು ಅದನ್ನು ಯಾರ ಮೇಲಾದರೂ ಇಳಿಸಲೇಬೇಕಿತ್ತು.

ನಂಜಮ್ಮನ ಕೈಗೆ ಕೊನೆಗೂ ಟೈ ಸಿಕ್ಕಿತ್ತು. "ಹೇಳ್ಲಾ. ದಿಟ ಹೇಳು. ನಲವತ್ತೆಂಟಾ?"

ಶ್ರೀನಾಥ್ ಸಭೆಯನ್ನು ನೋಡಿದ. ಡಬ್ಬಿಗಳನ್ನು ನೋಡಿದ. "ಮೂವತ್ತೊಂದು," ಎಂದ ಸಣ್ಣ ದನಿಯಲ್ಲಿ. ಅಂದವನೇ, ತಲೆಯ ಮೇಲಿನ ಮೂಟೆ ಇಳಿಸಿದವನ ಹಾಗೆ ಕುರ್ಚಿಯಲ್ಲಿ ಕೂತುಬಿಟ್ಟ. "ಎಲ್ಲಿ ಹೋದ್ರೂ ನಲವತ್ತೆಂಟು, ನಲವತ್ತೆಂಟು ಅಂತ ಹೇಳಿ ಹೇಳಿ, ಈ ತಾಲ್ಲೂಕಲ್ಲಿ ನಂಗೆ ಹೆಣ್ಣು ಕೊಡೋರೇ ಇಲ್ಲ ಕಣಮ್ಮ. ನೋಡೋಕೆ ಹೋದ್ ಕಡೆಯೆಲ್ಲ, ಹುಡುಗ ಚೆನ್ನಾಗವ್ನೆ, ವಯಸ್ಸು ಜಾಸ್ತಿ ಅಂತಾರೆ."

ನಂಜಮ್ಮ ಟೈ ಬಿಟ್ಟಳು. ಅವನನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಂದು ಸಲ, ಈಗ ಬೇರೆ ದೃಷ್ಟಿಯಿಂದ ನೋಡಿದಳು. "ಯಾವೂರ್ಲಾ ನಿಂದು? ಅಪ್ಪ ಅಮ್ಮ ಅವ್ರಾ?" ಎಂದು ಶುರುಮಾಡಿದ ಮಾತು ಉಪ್ಪಿಟ್ಟಿನ ತಟ್ಟೆ ಬರುವವರೆಗೂ ನಡೆಯಿತು.

ಸಾಹೇಬರು ಫಾರಂ ಜೇಬಿನ ಒಳಕ್ಕೆ ತಳ್ಳಿ, "ಲಿಂಗಪ್ಪ, ನಾಳೆಯಿಂದ ಕಂಬ ಹತ್ತಿ," ಎಂದು ಗಂಭೀರವಾಗಿ ಅಪ್ಪಣೆ ಮಾಡಿದರು. ಲಿಂಗಪ್ಪ ಗೆಳೆಯನ ಬೆನ್ನಿಗೆ ಗುದ್ದಿದ ಗುದ್ದಿನಲ್ಲಿ ಕೋಪ ಎಷ್ಟು, ಸಂತೋಷ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಚಂದ್ರಶೇಖರ ಭಾವನ ಕೈ ಹಿಡಿದು, "ತಪ್ಪು ತಿಳ್ಕೋಬ್ಯಾಡಿ," ಎಂದ. ಅವನ ಮುಖದಲ್ಲಿ ಒಂದಿಷ್ಟು ನಿರಾಸೆಯೂ ಇತ್ತು.

ಬಸ್ ನಿಲ್ದಾಣಕ್ಕೆ ನಡೆದು ಹೋಗುವಾಗ ಕೆಂಚಮ್ಮ, "ಆದ್ರೂ ಒಂದು ಮಾತು ಹೇಳಪ್ಪ," ಎಂದಳು. "ಪುಕ್ಕಟೆ ಸಿಕ್ಕಿತ್ತಲ್ಲ, ಒಂದು ಡಬ್ಬಿ ನೀನೂ ಕುಡ್ದಿದೀಯ. ಏನಾರ ಆಯ್ತಾ?"

ಮೃತ್ಯುಂಜಯ ನ್ಯಾಯಾಧೀಶನಂತೆ ಯೋಚಿಸಿದ. "ಬೆಲ್ಲ ಹಾಕ್ಕೊಂಡ್ರೆ ಕುಡೀಬೋದು. ಮಂಡಿ ನೋವು ಹಂಗೇ ಐತೆ. ಕೂದ್ಲು ಎಷ್ಟಿತ್ತೋ ಅಷ್ಟೇ ಐತೆ."

"ತುಕ್ಕು ಹೋಗ್ತದೆ ಅಂದಿದ್ರಲ್ಲ ಅಂತ, ಉಳಿದಿದ್ದನ್ನ ನಾನು ಹಿತ್ತಾಳೆ ತಂಬಿಗೆಗೆ ಹಾಕಿ ತಿಕ್ಕಿದೆ," ಎಂದಳು ಸರೋಜಮ್ಮ. "ಬೆಳಗ್ಲಿಲ್ಲ. ಹುಣಸೇಹಣ್ಣೇ ವಾಸಿ."

"ತಲೆ ಸುತ್ತಿಗೆ ಡಾಕ್ಟ್ರ ಹತ್ರ ನಾಳೆ ನಾನೇ ಕರ್ಕೊಂಡೋಗ್ತೀನಿ ಕೆಂಚಕ್ಕ," ಎಂದ ಮೃತ್ಯುಂಜಯ.

"ಹೋಗೋಣಂತೆ. ಮೊದ್ಲು ಊರಿಗೆ ನಡಿ. ಆ ಹಸು ಹಿಡ್ಕೊಳೋಕೆ ಬರೋನ ಅಡ್ವಾನ್ಸು ಮುಖಕ್ಕೆಸೆದು ಓಡಿಸ್ಬೇಕು," ಎಂದು ಕೆಂಚಮ್ಮ ಸೆರಗಿನ ಗಂಟನ್ನು ಭದ್ರಮಾಡಿಕೊಂಡು ಎಲ್ಲರಿಗಿಂತ ಮುಂದೆ ಹೆಜ್ಜೆ ಹಾಕಿದಳು.

ಬೆಳಗೋಡಿನ ಬಸ್ಸು ಮೀಟಿಂಗಿನಿಂದ ಹಿಂದಿರುಗುವವರಿಂದಲೇ ತುಂಬಿತ್ತು. ಮೃತ್ಯುಂಜಯ ತಾಯಿಯ ಪಕ್ಕ ಕೂತ. ಎಷ್ಟೋ ದಿನದಿಂದ ಸರಿಯಾಗಿ ಮಲಗಿರಲಿಲ್ಲ. ಬಸ್ಸು ಹೇಮಾವತಿ ಸೇತುವೆ ದಾಟುವ ಮೊದಲೇ ಅವನ ತಲೆ ಓಲಾಡಿ ನಂಜಮ್ಮನ ಹೆಗಲ ಮೇಲೆ ಬಿತ್ತು. ಶಾಲು ಮುಖದ ಮೇಲೆ ಸರಿದು, ಬಾಯಿ ತೆರೆದು ಗೊರಕೆ ಹೊಡೆಯತೊಡಗಿದ. ನಂಜಮ್ಮ ಅವನು ಎಚ್ಚರವಾಗದಂತೆ ಒಂದು ಕೈಯಿಂದ ತಲೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ದುಡ್ಡು ಚಾಚಿದಳು.

ನಿಂತವರ ನಡುವೆ ನುಸುಳಿಕೊಂಡು ಬರುತ್ತಿದ್ದ ಕಂಡಕ್ಟರ್ ಆಕೆಯ ಕಡೆಗೆ ಸರಿಯಾಗಿ ನೋಡಲೂ ಇಲ್ಲ. "ಎಷ್ಟು ಜನ ಅಮ್ಮ?"

"ನಂದೊಂದು, ನಮ್ಮ ಸೊಸೇದೊಂದು, ನಮ್ಮ ಹುಡುಗಂದೊಂದು."

"ಹುಡುಗನಿಗೆ ಹಾಫಾ, ಫುಲ್ಲಾ? ಎಷ್ಟು ವರ್ಷ?"

ನಂಜಮ್ಮ ಬಾಯಿ ತೆರೆಯುವ ಮೊದಲೇ ಇಡೀ ಬಸ್ಸು ಒಂದೇ ಕೊರಳಲ್ಲಿ ಕೂಗಿ ಹೇಳಿತು:

"ಐವತ್ತೆರಡು!"

ಮೃತ್ಯುಂಜಯನಿಗೆ ಎಚ್ಚರವಾಗಲಿಲ್ಲ.